ಇಂಪ್ಲಾಂಟ್ ಯೋಜನೆ: ಮೊದಲು ಹಲ್ಲು, ಆಮೇಲೆ ಮೂಳೆ

ಹಲ್ಲಿನ ಇಂಪ್ಲಾಂಟ್ ಕೆಟ್ಟಾಗ ರೋಗಿಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ನಿಮ್ಮ ದೇಹಕ್ಕೆ ಒಗ್ಗಲಿಲ್ಲ." ಈ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವವನಲ್ಲ. ಬಹುಪಾಲು ಜನರ ಮೂಳೆಗೆ ಟೈಟೇನಿಯಂ ಚೆನ್ನಾಗಿಯೇ ಒಗ್ಗುತ್ತದೆ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿಟ್ಟಿದ್ದ ಟೈಟೇನಿಯಂ ಸಾಧನವನ್ನು ತೆಗೆಯಲು ಹೋದಾಗ ಅದು ಮೂಳೆಯೊಂದಿಗೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಗೆ ಹಾಕಿದ ಇಂಪ್ಲಾಂಟ್‌ಗಳು ಆತನ ಬಾಯಲ್ಲಿ ನಲವತ್ತು ವರ್ಷ ಬಾಳಿದವು. ಹಾಗಿದ್ದರೆ ಕೆಡುವುದೆಲ್ಲಿ? ಬಹುತೇಕ ಸಲ ಎರಡು ಮೂರು ಮಿಲಿಮೀಟರ್ ಲೆಕ್ಕ ತಪ್ಪುವಲ್ಲಿ, ಕ್ಯಾಪ್ ಕೂರಿಸುವ ರೀತಿಯಲ್ಲಿ, ಆಮೇಲೆ ಬಾಯಿಯನ್ನು ನೋಡಿಕೊಳ್ಳುವುದರಲ್ಲಿ.

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಬೇರಿನ ಜಾಗದಲ್ಲಿ ಮೂಳೆಯೊಳಗೆ ಕೂರುವ ಲೋಹದ ತುಂಡು. ಅದರ ಮೇಲೆ ಅಬಟ್‌ಮೆಂಟ್ ಎಂಬ ಗೂಟ, ಗೂಟದ ಮೇಲೆ ಕ್ಯಾಪ್, ಇವನ್ನು ಹಿಡಿದಿಡಲು ಒಂದು ಪುಟ್ಟ ಸ್ಕ್ರೂ. ನೀವು ಅಗಿಯುವುದು ಕ್ಯಾಪಿನಿಂದ. ನಗುವಾಗ ಕಾಣುವುದೂ ಅದೇ. ಆದ್ದರಿಂದ ಯೋಜನೆ ಶುರುವಾಗಬೇಕಾದದ್ದು "ಮೂಳೆ ಎಲ್ಲಿದೆ" ಎಂಬ ಪ್ರಶ್ನೆಯಿಂದಲ್ಲ, "ಹಲ್ಲು ಎಲ್ಲಿ ಬರಬೇಕು" ಎಂಬುದರಿಂದ. ಈ ಲೇಖನ ಇಂಪ್ಲಾಂಟ್ ಹಾಕಿಸಲು ಹೊರಟವರಿಗೆ. ಹೊಸದಾಗಿ ಈ ಕೆಲಸಕ್ಕೆ ಇಳಿದ ದಂತವೈದ್ಯರು ಓದಿದರೂ ನಷ್ಟವಿಲ್ಲ.

ಹಂತ 1: ಬೇಕೇ? ಈಗಲೇ ಬೇಕೇ?

ಉಳಿಸಬಹುದಾದ ಹಲ್ಲನ್ನು ಕಿತ್ತು ಇಂಪ್ಲಾಂಟ್ ಹಾಕುವುದು ಜಾಣತನವಲ್ಲ. ರೂಟ್ ಕೆನಾಲ್ ಮಾಡಿ ಉಳಿಸಿಕೊಂಡ ಹಲ್ಲು ಎಷ್ಟೇ ಹಳೆಯದಾದರೂ ಅದಕ್ಕೆ ಸ್ವಂತ ಬೇರಿದೆ, ಒತ್ತಡವನ್ನು ಅರಿಯುವ ತಂತುಗಳಿವೆ. ಅಕ್ಕಪಕ್ಕದ ಎರಡೂ ಹಲ್ಲುಗಳಿಗೆ ಹೇಗಿದ್ದರೂ ಕ್ಯಾಪ್ ಬೇಕಾಗಿದ್ದರೆ, ಆ ಹಲ್ಲುಗಳ ಆಸರೆಯಲ್ಲಿ ನಡುವೆ ಕೃತಕ ಹಲ್ಲು ಕೂರಿಸುವ ಬ್ರಿಡ್ಜ್ ಸರಿಯಾದ ಆಯ್ಕೆಯಾಗಬಹುದು. ಕಟ್ಟಕಡೆಯ ದವಡೆ ಹಲ್ಲೊಂದು ಹೋಗಿದ್ದು ಅಗಿಯಲು ತೊಂದರೆಯಿಲ್ಲದಿದ್ದರೆ ಏನನ್ನೂ ಮಾಡದಿರುವುದೂ ಒಂದು ಆಯ್ಕೆಯೇ.

ಬೆಳೆಯುತ್ತಿರುವ ದವಡೆಗೆ ಇಂಪ್ಲಾಂಟ್ ಬೇಡ. ಸಹಜ ಹಲ್ಲುಗಳು ದವಡೆಯ ಬೆಳವಣಿಗೆಯ ಜೊತೆ ಸಾಗುತ್ತವೆ. ಮೂಳೆಗೆ ಬೆಸೆದ ಇಂಪ್ಲಾಂಟ್ ಮಾತ್ರ ನಿಂತಲ್ಲೇ ನಿಲ್ಲುತ್ತದೆ, ಕೆಲವು ವರ್ಷಗಳಲ್ಲಿ ಅದರ ಕ್ಯಾಪ್ ಕುಳ್ಳಗೆ, ಒಳಗೆ ಹೂತಂತೆ ಕಾಣತೊಡಗುತ್ತದೆ. ಆಟವಾಡುವಾಗ ಮುಂದಿನ ಹಲ್ಲು ಕಳೆದುಕೊಂಡ ಹದಿನಾಲ್ಕರ ಹುಡುಗನಿಗೆ ತೆಗೆದು ಹಾಕುವ ಹಲ್ಲೋ ಅಂಟಿಸುವ ಬ್ರಿಡ್ಜೋ ಸಾಕು. ಬೆಳವಣಿಗೆ ನಿಂತ ಮೇಲೆ ಮುಂದಿನ ಮಾತು.

ಆರೋಗ್ಯದ ವಿವರ ಕೇಳಿದಾಗ ಸಂಕೋಚ ಬೇಡ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಗಾಯ ಮಾಯುವುದನ್ನು ತಡಮಾಡುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ಒಂದು ದಿನದ ಸಕ್ಕರೆ ಪರೀಕ್ಷೆಗಿಂತ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ವರದಿ ತನ್ನಿ. ಹೊಗೆಸೊಪ್ಪಿನ ವಿಷಯದಲ್ಲಿ ಸುಳ್ಳು ಹೇಳಿದರೆ ನಷ್ಟ ನಿಮಗೇ. ಜನ ಅತಿ ಹೆಚ್ಚಾಗಿ ಹೇಳಲು ಮರೆಯುವುದು ಮೂಳೆ ಸವೆತದ ಔಷಧಿಗಳನ್ನು. ಬಿಸ್ಫಾಸ್ಫೊನೇಟ್ ಗುಂಪಿನ ಇಂಜೆಕ್ಷನ್ ವರ್ಷಕ್ಕೊಮ್ಮೆ, ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವುದರಿಂದ "ನಿತ್ಯದ ಮಾತ್ರೆ ಏನಾದರೂ ಇದೆಯೇ" ಎಂದು ಕೇಳಿದರೆ ಯಾರಿಗೂ ಅದು ನೆನಪಾಗುವುದಿಲ್ಲ. ಈ ಔಷಧಿಗಳಿರುವಾಗ ದವಡೆಯ ಮೂಳೆಗೆ ಕೈ ಹಾಕಿದರೆ, ಅಪರೂಪಕ್ಕಾದರೂ, ಮೂಳೆಯ ಭಾಗ ಸತ್ತು ಹೊರಬರುವ ಅಪಾಯವಿದೆ. ಕ್ಯಾನ್ಸರ್ ಚಿಕಿತ್ಸೆಗಾಗಿ ದೊಡ್ಡ ಪ್ರಮಾಣದಲ್ಲಿ ಪಡೆಯುವವರಿಗೆ ಅಪಾಯ ಹೆಚ್ಚು. ಹಾಗೆಂದು ನೀವೇ ಔಷಧಿ ನಿಲ್ಲಿಸಬೇಡಿ. ಅದನ್ನು ಬರೆದುಕೊಟ್ಟ ವೈದ್ಯರೂ ದಂತವೈದ್ಯರೂ ಮಾತಾಡಿಕೊಳ್ಳಲಿ. ಮುಖ, ಕುತ್ತಿಗೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಆಗಿದ್ದರೂ ಹೇಳಲೇಬೇಕು.

ಇನ್ನೊಂದು, ವಸಡಿನ ರೋಗ. ಅದರಿಂದಲೇ ಹಲ್ಲು ಕಳೆದುಕೊಂಡಿದ್ದರೆ, ಉಳಿದ ಹಲ್ಲುಗಳ ಸುತ್ತ ರಕ್ತ, ಕೀವು ಇರುವಾಗಲೇ ಇಂಪ್ಲಾಂಟ್ ಹಾಕುವುದು ಹಣ ಚೆಲ್ಲಿದಂತೆ. ಮೊದಲು ವಸಡಿಗೆ ಚಿಕಿತ್ಸೆ, ಆಮೇಲೆ ಇದು.

ಹಂತ 2: ತೆರೆಯ ಮೇಲೆ ಮೊದಲು ಹಲ್ಲು ಕಾಣಲಿ

ಒಳ್ಳೆಯ ಯೋಜನೆಗೆ ಮೂರು ಸಾಮಗ್ರಿ ಬೇಕು. ಬಾಯಿಯ ಅಚ್ಚು ಅಥವಾ ಸ್ಕ್ಯಾನ್, ಕಾಣೆಯಾದ ಹಲ್ಲಿನ ಮಾದರಿ (ಮೇಣದಲ್ಲಿ ಮಾಡಿದ್ದಾದರೂ ಸರಿ, ಕಂಪ್ಯೂಟರಿನಲ್ಲಿ ಮಾಡಿದ್ದಾದರೂ ಸರಿ), ಮತ್ತು ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್. ಮೂರನ್ನೂ ಒಂದರ ಮೇಲೊಂದು ಕೂಡಿಸಿದಾಗ, ಬರಬೇಕಾದ ಹಲ್ಲಿನ ಕೆಳಗೆ ಮೂಳೆ ಎಷ್ಟಿದೆ, ಎಲ್ಲಿ ಕೊರತೆಯಿದೆ ಎಂಬುದು ನೇರವಾಗಿ ಕಾಣುತ್ತದೆ. ದವಡೆಯನ್ನು ಚಪ್ಪಟೆಯಾಗಿ ತೋರಿಸುವ ದೊಡ್ಡ ಎಕ್ಸ್‌ರೇಯಲ್ಲಿ ಎತ್ತರ ಕಂಡೀತು, ದಪ್ಪ ಕಾಣದು. ಚಿತ್ರ ಸ್ವಲ್ಪ ಹಿಗ್ಗಿರುತ್ತದೆ ಕೂಡ.

ವೈದ್ಯರನ್ನು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: "ಕ್ಯಾಪ್ ಬಂದ ಮೇಲೆ ಹೇಗಿರುತ್ತದೆ, ಈಗಲೇ ತೋರಿಸುತ್ತೀರಾ?" ತೋರಿಸಲು ಏನೂ ಇಲ್ಲವೆಂದರೆ ಯೋಜನೆ ಇನ್ನೂ ಮುಗಿದಿಲ್ಲ ಎಂದೇ ಅರ್ಥ.

ಇದೇ ಭೇಟಿಯಲ್ಲಿ ಬಾಯಿ ಎಷ್ಟು ತೆರೆಯುತ್ತದೆ ಎಂದೂ ನೋಡಬೇಕು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ಹಿಡಿಯದಿದ್ದರೆ, ಹಿಂಭಾಗದಲ್ಲಿ ಡ್ರಿಲ್ಲು ನೆಟ್ಟಗೆ ನಿಲ್ಲುವುದೇ ಕಷ್ಟ. ಓರೆಯಾಗಿ ಕೂತ ಎಷ್ಟೋ ಇಂಪ್ಲಾಂಟ್‌ಗಳ ಹಿಂದಿನ ಕಾರಣ ಇಷ್ಟು ಸರಳ.

ಹಂತ 3: ಮಿಲಿಮೀಟರ್ ಲೆಕ್ಕ

ಇಲ್ಲಿ ಅವಸರ ಮಾಡುವವರೇ ಹೆಚ್ಚು. ಲೆಕ್ಕವೇನೋ ಪ್ರಾಥಮಿಕ ಶಾಲೆಯದು.

ಇಂಪ್ಲಾಂಟಿಗೂ ಪಕ್ಕದ ಸಹಜ ಹಲ್ಲಿಗೂ ನಡುವೆ ಕನಿಷ್ಠ 1.5 ಮಿ.ಮೀ. ಇರಬೇಕು. ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ. ಅಂದರೆ 4 ಮಿ.ಮೀ. ದಪ್ಪದ ಒಂದು ಇಂಪ್ಲಾಂಟಿಗೆ 7 ಮಿ.ಮೀ. ಜಾಗ. ಅಂಥವೇ ಎರಡು ಬೇಕೆಂದರೆ 1.5, 4, 3, 4, 1.5, ಒಟ್ಟು 14 ಮಿ.ಮೀ. ಜಾಗ 12 ಮಿ.ಮೀ. ಮಾತ್ರ ಇರುವಲ್ಲಿ ಎರಡನ್ನು ತುರುಕಿದರೆ ನಡುವಿನ ಮೂಳೆ ಕರಗುತ್ತದೆ, ನಡುವಿನ ವಸಡು ಕುಸಿಯುತ್ತದೆ, ಬ್ರಷ್ ಹೋಗಲು ದಾರಿಯೇ ಇರುವುದಿಲ್ಲ. ಹಲ್ಲುಗಳ ನಡುವಿನ ಜಾಗವನ್ನು ಮೇಲಷ್ಟೇ ಅಳೆದರೆ ಸಾಲದು. ಬೇರುಗಳು ಒಳಗೆ ಒಂದಕ್ಕೊಂದು ವಾಲಿಕೊಂಡಿರಬಹುದು. ಆಗ ತಂತಿ ಹಾಕಿ ಬೇರುಗಳನ್ನು ಸರಿಸುವವರೆಗೆ ಕಾಯಬೇಕು.

ದಪ್ಪದ ಲೆಕ್ಕ ಇನ್ನೂ ಮುಖ್ಯ. ಇಂಪ್ಲಾಂಟಿನ ಹೊರಗಡೆ, ಎಂದರೆ ತುಟಿ ಕೆನ್ನೆಯ ಕಡೆ, 1.5ರಿಂದ 2 ಮಿ.ಮೀ. ಮೂಳೆ ಉಳಿಯಬೇಕು. ಅಲ್ಲಿ ಕಾಗದದಷ್ಟು ಮೂಳೆ ಉಳಿದರೆ ಮೊದಲ ಒಂದೆರಡು ವರ್ಷದಲ್ಲೇ ಅದು ಕರಗಿ ವಸಡು ಇಳಿಯುತ್ತದೆ, ಲೋಹದ ಬೂದು ನೆರಳು ಕಾಣುತ್ತದೆ. ಆಳದಲ್ಲಿ, ಮುಂದೆ ಬರಲಿರುವ ವಸಡಿನ ಅಂಚಿಗಿಂತ ಇಂಪ್ಲಾಂಟಿನ ತಲೆ ಸುಮಾರು 3ರಿಂದ 4 ಮಿ.ಮೀ. ಕೆಳಗಿರಬೇಕು. ಮೇಲೆಯೇ ನಿಂತರೆ ಕ್ಯಾಪ್ ಅಣಬೆಯಂತೆ ಒಮ್ಮೆಲೇ ಅಗಲವಾಗುತ್ತದೆ, ಅದರ ಅಡಿಯಲ್ಲಿ ಕೊಳೆ ಕೂರುತ್ತದೆ. ತೀರಾ ಆಳಕ್ಕೆ ಹೋದರೆ ಸುತ್ತ ಆಳವಾದ ಹಳ್ಳ ಬಿದ್ದು ಶುಚಿ ಮಾಡಲಾಗದು.

ಕೆಳದವಡೆಯ ಹಿಂಭಾಗದಲ್ಲಿ ತುಟಿ ಗಲ್ಲಕ್ಕೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಇಂಪ್ಲಾಂಟಿನ ತುದಿಗೂ ನರದ ಕಾಲುವೆಗೂ ನಡುವೆ 2 ಮಿ.ಮೀ. ಬಿಡುವುದು ರೂಢಿ. ಡ್ರಿಲ್ಲಿನ ಚೂಪು ತುದಿ ಅದರ ಮೇಲೆ ಗುರುತಿಸಿದ ಉದ್ದಕ್ಕಿಂತ ತುಸು ಮುಂದೆ ಚಾಚಿರುತ್ತದೆ ಎಂಬುದನ್ನು ಸೇರಿಸಿಕೊಂಡೇ ಲೆಕ್ಕ ಹಾಕಬೇಕು. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಗೂಡು ಅಡ್ಡ ಬರುತ್ತದೆ. ಕೆಳದವಡೆಯ ಮುಂಭಾಗ ಸುರಕ್ಷಿತ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ನಾಲಿಗೆಯ ಕಡೆ ಮೂಳೆ ತೂತಾಗಿ ರಕ್ತನಾಳಕ್ಕೆ ಪೆಟ್ಟಾದರೆ ಬಾಯಿಯ ತಳ ಊದಿಕೊಂಡು ಉಸಿರಾಟಕ್ಕೇ ತೊಂದರೆಯಾದ ಪ್ರಕರಣಗಳಿವೆ.

ಎತ್ತರವನ್ನೂ ಮರೆಯಬೇಡಿ. ಬಹುಕಾಲದಿಂದ ಖಾಲಿ ಬಿಟ್ಟ ಜಾಗಕ್ಕೆ ಎದುರಿನ ಹಲ್ಲು ಇಳಿದು ಬಂದಿರುತ್ತದೆ. ಇಂಪ್ಲಾಂಟಿನ ತಲೆಯಿಂದ ಎದುರು ಹಲ್ಲಿನವರೆಗೆ ಸ್ಕ್ರೂ ಬಿಗಿಯುವ ಕ್ಯಾಪಿಗೆ ಸುಮಾರು 5ರಿಂದ 6 ಮಿ.ಮೀ., ಸಿಮೆಂಟಿನಿಂದ ಅಂಟಿಸುವ ಕ್ಯಾಪಿಗೆ 7ರಿಂದ 8 ಮಿ.ಮೀ. ಬೇಕು. ಪೂರ್ತಿ ಸಾಲಿಗೆ ಹಲ್ಲುಗಳನ್ನೂ ಕೃತಕ ವಸಡನ್ನೂ ಕೂಡಿಸಿ ಇಂಪ್ಲಾಂಟ್‌ಗಳ ಮೇಲೆ ಸ್ಥಿರವಾಗಿ ಕೂರಿಸುವ ದೊಡ್ಡ ಕಟ್ಟೋಣಕ್ಕೆ 15 ಮಿ.ಮೀ. ಹತ್ತಿರ ಬೇಕಾಗುತ್ತದೆ. ಇದನ್ನು ಇಂಪ್ಲಾಂಟ್ ಹಾಕಿದ ಮೇಲೆ ಅಳೆದರೆ ಏನು ಪ್ರಯೋಜನ?

ಒಂದು ಓರೆ, ನಾಲ್ಕು ತೊಂದರೆ

ಲೆಕ್ಕ ತಪ್ಪಿದರೆ ಆಗುವುದನ್ನು ಒಂದು ಮುಂದಿನ ಹಲ್ಲಿನಲ್ಲಿ ನೋಡೋಣ. ಮೂಳೆ ಇರುವ ದಿಕ್ಕಿನಲ್ಲೇ ಇಂಪ್ಲಾಂಟ್ ಇಳಿಸಿದರು, ಅದು ತುಟಿಯ ಕಡೆ ವಾಲಿತು. ಸ್ಕ್ರೂ ಬಿಗಿಯುವ ತೂತು ಹಲ್ಲಿನ ಹಿಂಬದಿಗೆ ಬರುವ ಬದಲು ಮುಂಬದಿಗೆ ಬಂತು. ಮುಂದೆ ತೂತು ಕಾಣಬಾರದಲ್ಲ, ಆದ್ದರಿಂದ ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಿದರು. ಕ್ಯಾಪಿನ ಅಂಚು ವಸಡಿನೊಳಗೆ ಆಳದಲ್ಲಿತ್ತು. ಒತ್ತಿದಾಗ ಹೊರಚೆಲ್ಲಿದ ಸಿಮೆಂಟು ಅಲ್ಲೇ ಉಳಿಯಿತು. ಕೆಲವು ತಿಂಗಳೋ ಕೆಲವು ವರ್ಷವೋ ಕಳೆದ ಮೇಲೆ ರಕ್ತ, ಆಮೇಲೆ ಕೀವು, ಆಮೇಲೆ ಮೂಳೆ ಕರಗುವುದು. ಕೊನೆಗೆ ಇಂಪ್ಲಾಂಟ್ ತೆಗೆಯುವಾಗ ಹೇಳುವ ಮಾತು: ದೇಹಕ್ಕೆ ಒಗ್ಗಲಿಲ್ಲ!

ಹಂತ 4: ಮೂಳೆ ಕಡಿಮೆಯಿದ್ದರೆ

ಹಲ್ಲು ಕಿತ್ತ ಮೊದಲ ವರ್ಷದಲ್ಲಿ ದವಡೆಯ ಅಂಚಿನ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು. ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಆದ್ದರಿಂದ ಹಲ್ಲು ಕೀಳಿಸುವ ಮೊದಲೇ ಮುಂದೇನು ಎಂದು ಕೇಳಿ. ಕಿತ್ತ ದಿನವೇ ಕುಳಿಗೆ ಮೂಳೆಪುಡಿ ತುಂಬಿದರೆ ಕುಗ್ಗುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಅದೇ ದಿನ ಇಂಪ್ಲಾಂಟ್ ಹಾಕುವುದೂ ಸಾಧ್ಯ. ಆದರೆ ಕುಳಿಯ ಹೊರಗೋಡೆ ಗಟ್ಟಿಯಿದ್ದು, ಕೀವು ಇಲ್ಲದೆ, ತಳದಲ್ಲಿ ಹಿಡಿತ ಸಿಗುವಂತಿದ್ದರೆ ಮಾತ್ರ. ಮೂಳೆ ಸೇರಿಸುವ ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದ ವೈದ್ಯರನ್ನು ಸಂಶಯದಿಂದ ನೋಡಬೇಡಿ. ಎಲ್ಲರಿಗೂ ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಎನ್ನುವವರನ್ನು ಹಾಗೆ ನೋಡಿ.

ಹಂತ 5: ಶಸ್ತ್ರಚಿಕಿತ್ಸೆಯ ದಿನ

ಇದು ಭಯ ಹುಟ್ಟಿಸುವ ಹಂತ, ನಿಜದಲ್ಲಿ ಯೋಜನೆ ಸರಿಯಿದ್ದರೆ ಅತ್ಯಂತ ಚಿಕ್ಕದು. ಯೋಜನೆಯಂತೆ ಮುದ್ರಿಸಿದ ಗೈಡ್, ಎಂದರೆ ಡ್ರಿಲ್ಲಿಗೆ ದಾರಿ ತೋರಿಸುವ ಅಚ್ಚು, ಹಲ್ಲುಗಳ ಮೇಲೆ ಅಲುಗಾಡದೆ ಕೂರಬೇಕು. ಗೈಡ್ ಇದ್ದರೂ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಆಚೀಚೆ ಆಗುವುದು ಸಹಜ, ಅದಕ್ಕೇ ನರದ ಬಳಿ ಬಿಟ್ಟ 2 ಮಿ.ಮೀ. ಅಂತರದಲ್ಲಿ ಚೌಕಾಸಿ ಮಾಡಬಾರದು. ಡ್ರಿಲ್ಲು ಚೂಪಾಗಿರಬೇಕು, ಮೇಲೆ ತಣ್ಣನೆಯ ಸಲೈನ್ ಸುರಿಯುತ್ತಿರಬೇಕು. ಮೂಳೆ ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ಬಿಸಿ ತಾಳಿದರೂ ಸಾಯತೊಡಗುತ್ತದೆ. ಗಟ್ಟಿ ಮೂಳೆಯಿರುವ ಕೆಳದವಡೆಯಲ್ಲಿ ಈ ಎಚ್ಚರ ಹೆಚ್ಚು ಬೇಕು.

ಮನೆಗೆ ಬಂದ ಮೇಲೆ ಒಂದು ಸಂಗತಿ ಗಮನದಲ್ಲಿರಲಿ. ಅರಿವಳಿಕೆ ಇಳಿಯಬೇಕಾದ ಸಮಯ ಮೀರಿದ ಮೇಲೂ ಕೆಳತುಟಿ, ಗಲ್ಲ ಮರಗಟ್ಟಿದಂತೆಯೇ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಅಂದೇ ಫೋನ್ ಮಾಡಿ. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಬೇಗ ಹಿಂದೆಗೆದಷ್ಟೂ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಒಂದು ವಾರದ ನಂತರ ಹೇಳಿದರೆ ಆ ಅವಕಾಶ ಕಳೆದಿರುತ್ತದೆ. ಬಾಯಿಯ ತಳ ಊದುತ್ತಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಗೆ.

ಹಂತ 6: ಕಾಯುವುದು

ಹಳೆಯ ಪದ್ಧತಿಯಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಮುಟ್ಟದೆ ಬಿಡುತ್ತಿದ್ದರು. ಈಗಿನ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೆ, ಮೂಳೆ ಒಳ್ಳೆಯದಿದ್ದರೆ, ಎರಡು ಮೂರು ತಿಂಗಳು ಸಾಕಾಗುತ್ತದೆ. ವಿಚಿತ್ರವೆಂದರೆ ಹಾಕಿದ ದಿನ ಇದ್ದ ಬಿಗಿ ಮುಂದಿನ ಎರಡರಿಂದ ನಾಲ್ಕು ವಾರಗಳಲ್ಲಿ ಕಡಿಮೆಯಾಗುತ್ತದೆ. ಹಳೆಯ ಮೂಳೆ ಕರಗಿ ಹೊಸದು ಹುಟ್ಟುವ ಕಾಲ ಅದು. ನೋವು ಮಾಯವಾಗಿ ನಿಮಗೆ ಧೈರ್ಯ ಬರುವುದೂ ಆಗಲೇ. ಆ ದಿನಗಳಲ್ಲಿ ಆ ಕಡೆ ಗಟ್ಟಿಯಾದದ್ದನ್ನು ಕಡಿಯಬೇಡಿ. ತಾತ್ಕಾಲಿಕ ಹಲ್ಲು ಹಾಕಿದ್ದರೆ ಅದು ನೋಟಕ್ಕೆ ಮಾತ್ರ, ಎದುರು ಹಲ್ಲಿಗೆ ತಾಗದಂತಿರಬೇಕು.

ಹಂತ 7: ಕ್ಯಾಪ್ ಕೂರಿಸುವುದು

ಇಂಪ್ಲಾಂಟ್ ಗಟ್ಟಿಯಾಗಿದೆ, ಇನ್ನೇನು ಕ್ಯಾಪ್ ಅಲ್ಲವೇ ಎಂದು ಹಗುರವಾಗಿ ತೆಗೆದುಕೊಳ್ಳುವ ಈ ಹಂತದಲ್ಲೇ ಮುಂದಿನ ಹತ್ತು ವರ್ಷಗಳ ಸುಖದುಃಖ ನಿರ್ಧಾರವಾಗುತ್ತದೆ.

ಆದಷ್ಟೂ ಸ್ಕ್ರೂ ಬಿಗಿಯುವ ಕ್ಯಾಪನ್ನೇ ಕೇಳಿ. ತೊಂದರೆ ಬಂದರೆ ಬಿಚ್ಚಿ, ತೊಳೆದು, ಮತ್ತೆ ಹಾಕಬಹುದು. ಸ್ವಲ್ಪ ಓರೆಯಾಗಿದ್ದರೆ ಸ್ಕ್ರೂ ದಾರಿಯನ್ನು 25 ಡಿಗ್ರಿವರೆಗೆ ತಿರುಗಿಸುವ ಅಬಟ್‌ಮೆಂಟ್‌ಗಳು ಬಂದಿವೆ. ಸಿಮೆಂಟ್ ಅನಿವಾರ್ಯವಾದರೆ ಕ್ಯಾಪಿನ ಅಂಚು ವಸಡಿನ ಮಟ್ಟದಲ್ಲಿ, ಹೆಚ್ಚೆಂದರೆ 1 ಮಿ.ಮೀ. ಒಳಗೆ ಇರಲಿ. ಸಿಮೆಂಟು ಲೇಪಿಸುವಷ್ಟೇ ಇರಬೇಕು, ತುಂಬಬಾರದು. ಕೂರಿಸಿದ ಮೇಲೆ ಎಕ್ಸ್‌ರೇಯಲ್ಲಿ ಉಳಿಕೆ ಇಲ್ಲವೆಂದು ನೋಡಬೇಕು.

ಸ್ಕ್ರೂ ಬಿಗಿಯುವುದನ್ನು ಹತ್ತಿರದಿಂದ ನೋಡಿ. ಅದನ್ನು ತಿರುಗಿಸುವ ಸ್ಕ್ರೂಡ್ರೈವರ್ ಬೆರಳ ತುದಿಯಷ್ಟೇ ಉದ್ದ, ಎಂಜಲಿಗೆ ಜಾರುತ್ತದೆ. ಎಚ್ಚರದ ವೈದ್ಯರು ಅದಕ್ಕೆ ಉದ್ದನೆಯ ದಾರ ಕಟ್ಟಿ ತುದಿಯನ್ನು ಬಾಯಿಂದ ಹೊರಗೆ ಬಿಟ್ಟಿರುತ್ತಾರೆ, ಗಂಟಲಿಗೆ ಜಾರಿದರೆ ಎಳೆದುಕೊಳ್ಳಲು. ಮೊದಲು ಕೈಯಿಂದ ತಿರುಗಿಸಿ, ಒಂದು ಎಕ್ಸ್‌ರೇ ತೆಗೆದು, ಕ್ಯಾಪಿಗೂ ಇಂಪ್ಲಾಂಟಿಗೂ ನಡುವೆ ಕಪ್ಪು ಗೆರೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬರುತ್ತದೆ. ಕಂಪನಿ ಹೇಳಿದಷ್ಟು, ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್. ಹತ್ತು ನಿಮಿಷ ಬಿಟ್ಟು ಅದೇ ಬಲದಿಂದ ಇನ್ನೊಮ್ಮೆ, ಏಕೆಂದರೆ ಮೊದಲ ಬಿಗಿತದ ನಂತರ ಲೋಹದ ಮೇಲ್ಮೈಗಳು ಒಂದರೊಳಗೊಂದು ಕೂತು ಬಿಗಿ ತುಸು ಇಳಿದಿರುತ್ತದೆ. ಲ್ಯಾಬಿನಲ್ಲಿ ಹತ್ತಾರು ಸಲ ತಿರುಗಿಸಿದ ಸ್ಕ್ರೂ ಅಲ್ಲ, ಹೊಸದನ್ನು ಹಾಕಬೇಕು. ಸ್ಕ್ರೂವಿನ ತಲೆಯ ಮೇಲೆ ಟೆಫ್ಲಾನ್ ಪಟ್ಟಿ, ಅದರ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್. ಮುಂದೊಂದು ದಿನ ತೆರೆಯಬೇಕಾದಾಗ ಈ ಪಟ್ಟಿಯೇ ಸ್ಕ್ರೂವಿನ ತಲೆಯನ್ನು ಕಾಪಾಡುತ್ತದೆ.

ಇನ್ನು ಕಚ್ಚುವಿಕೆ. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಮೆತ್ತನೆಯ ತಂತುಗಳ ಪದರವಿದೆ, ಕಚ್ಚಿದಾಗ ಹಲ್ಲು ಹತ್ತಾರು ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದ ಒಂದು ಭಾಗ) ಒಳಗಿಳಿಯುತ್ತದೆ. ಇಂಪ್ಲಾಂಟಿಗೆ ಆ ಪದರವಿಲ್ಲ, ಅದು ಇಳಿಯುವುದು ಕೆಲವೇ ಮೈಕ್ರಾನ್. ಎರಡನ್ನೂ ಸಮಮಟ್ಟದಲ್ಲಿ ಬಿಟ್ಟರೆ ಗಟ್ಟಿಯಾಗಿ ಕಚ್ಚಿದಾಗ ಎಲ್ಲ ಭಾರ ಇಂಪ್ಲಾಂಟಿನ ಮೇಲೆಯೇ. ಆದ್ದರಿಂದ ಒಂಟಿ ಕ್ಯಾಪಿನ ಪರೀಕ್ಷೆ ಹೀಗೆ: 8 ಮೈಕ್ರಾನ್ ತೆಳುವಿನ ಲೋಹದ ಹಾಳೆಯನ್ನು ಕ್ಯಾಪಿನ ಮೇಲಿಟ್ಟು ಮೆಲ್ಲಗೆ ಬಾಯಿ ಮುಚ್ಚಿಸಿದರೆ ಹಾಳೆ ಜಾರಿ ಹೊರಬರಬೇಕು, ಬಲವಾಗಿ ಕಚ್ಚಿಸಿದಾಗ ಸಿಕ್ಕಿಕೊಳ್ಳಬೇಕು. ದವಡೆಯನ್ನು ಪಕ್ಕಕ್ಕೆ ಸರಿಸಿದಾಗ ಆ ಕ್ಯಾಪ್ ತಿಕ್ಕಬಾರದು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ನೈಟ್ ಗಾರ್ಡ್ ಐಚ್ಛಿಕವಲ್ಲ. ಒಂದೇ ಬ್ರಿಡ್ಜಿನಲ್ಲಿ ಇಂಪ್ಲಾಂಟನ್ನೂ ಸಹಜ ಹಲ್ಲನ್ನೂ ಕಟ್ಟಿಹಾಕುವುದನ್ನು ಆದಷ್ಟೂ ತಪ್ಪಿಸಬೇಕೆನ್ನುವುದೂ ಇದೇ ಕಾರಣಕ್ಕೆ.

ಹೊರಡುವ ಮುನ್ನ ಕನ್ನಡಿ ಹಿಡಿದು, ಸಂದಿ ಬ್ರಷ್ ಕೈಗೆ ತೆಗೆದುಕೊಂಡು, ಕ್ಯಾಪಿನ ಎರಡೂ ಬದಿ ನೀವೇ ಶುಚಿ ಮಾಡಿ ತೋರಿಸಿ. ಬ್ರಷ್ ಹೋಗದಿದ್ದರೆ ಕ್ಯಾಪಿನ ಆಕಾರ ತಪ್ಪಾಗಿದೆ. ಅದನ್ನು ತಿದ್ದಬೇಕಾದದ್ದು ಅಂದೇ.

ಹಂತ 8: ಆಮೇಲಿನ ವರ್ಷಗಳು

ಕ್ಯಾಪ್ ಹಾಕಿದ ದಿನ ತೆಗೆದ ಎಕ್ಸ್‌ರೇ ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದೆ ಮೂಳೆ ಕರಗಿದೆಯೇ ಇಲ್ಲವೇ ಎನ್ನಲು ಹೋಲಿಸಬೇಕಾದದ್ದು ಅದರೊಂದಿಗೆ. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ವಸಡಿನ ರೋಗ ಇದ್ದವರು ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಬೇಕು. ಅಲ್ಲಿ ಪ್ರೋಬ್ ಎಂಬ ಅಳತೆಯ ಕಡ್ಡಿಯಿಂದ ಇಂಪ್ಲಾಂಟಿನ ಸುತ್ತಲಿನ ವಸಡಿನ ಸಂದಿಯ ಆಳ ಅಳೆಯುತ್ತಾರೆ, ರಕ್ತ ಬರುತ್ತದೆಯೇ ನೋಡುತ್ತಾರೆ.

ರಕ್ತ ಮಾತ್ರ ಬಂದು ಮೂಳೆ ಗಟ್ಟಿಯಿದ್ದರೆ ಅದು ವಸಡಿನ ಉರಿಯೂತ, ಶುಚಿ ಮಾಡಿದರೆ ವಾಸಿಯಾಗುತ್ತದೆ. ಮೂಳೆಯೂ ಕರಗತೊಡಗಿದ್ದರೆ ಅದು ಪೆರಿಇಂಪ್ಲಾಂಟೈಟಿಸ್. ಅದನ್ನು ತಡೆದು ನಿಲ್ಲಿಸಬಹುದು, ಹೋದ ಮೂಳೆಯನ್ನು ಪೂರ್ತಿ ಮರಳಿ ತರುವುದು ಕಷ್ಟ. ನೋವಿಗಾಗಿ ಕಾಯಬೇಡಿ. ಇಂಪ್ಲಾಂಟ್ ತನ್ನ ಮೂಳೆ ಕಳೆದುಕೊಳ್ಳುವಾಗ ಹೆಚ್ಚಾಗಿ ನೋಯುವುದೇ ಇಲ್ಲ.

ಕೆಲವು ವರ್ಷಗಳ ನಂತರ ಕ್ಯಾಪಿಗೂ ಅದರ ಮುಂದಿನ ಹಲ್ಲಿಗೂ ನಡುವೆ ಆಹಾರ ಸಿಕ್ಕಿಕೊಳ್ಳತೊಡಗಬಹುದು. ಸಹಜ ಹಲ್ಲುಗಳು ನಿಧಾನವಾಗಿ ಮುಂದಕ್ಕೆ ಸರಿಯುತ್ತವೆ, ಇಂಪ್ಲಾಂಟ್ ಸರಿಯುವುದಿಲ್ಲ. ಸ್ಕ್ರೂ ಬಿಗಿದ ಕ್ಯಾಪಾದರೆ ಬಿಚ್ಚಿ ಬದಿಗೆ ಪಿಂಗಾಣಿ ಸೇರಿಸಿ ಕೊಡುತ್ತಾರೆ.

ಕ್ಯಾಪ್ ಅಲುಗಾಡಿದರೆ ಇಂಪ್ಲಾಂಟೇ ಹೋಯಿತೆಂದು ಎದೆಗುಂದಬೇಡಿ. ಬಾಗಿಲಿನ ಕೀಲಿನ ಸ್ಕ್ರೂ ಸಡಿಲಾದರೆ ಯಾರೂ ಚೌಕಟ್ಟು ಕೀಳುವುದಿಲ್ಲ. ಇಲ್ಲೂ ಹೆಚ್ಚಾಗಿ ಸಡಿಲಾಗಿರುವುದು ಒಳಗಿನ ಸ್ಕ್ರೂ. ಆದರೆ ಸಡಿಲಾದ ಸ್ಕ್ರೂ ಮೇಲೆ ಅಗಿಯುತ್ತ ವಾರಗಟ್ಟಲೆ ಕಳೆದರೆ ಅದು ಒಳಗೇ ಮುರಿಯುತ್ತದೆ, ಮುರಿದ ತುಂಡನ್ನು ತೆಗೆಯುವುದು ನಿಜವಾದ ತಲೆನೋವು. ಆ ಕಡೆ ಅಗಿಯುವುದನ್ನು ನಿಲ್ಲಿಸಿ, ಅಂಗಡಿಯ ಅಂಟು ಹಾಕದೆ, ಆ ವಾರವೇ ಹೋಗಿ. ಬಿಗಿಸಿದ ಮೇಲೂ ಮತ್ತೆ ಮತ್ತೆ ಸಡಿಲಾಗುತ್ತಿದ್ದರೆ ಸ್ಕ್ರೂವನ್ನು ಬೈಯುವ ಬದಲು ಕಚ್ಚುವಿಕೆಯನ್ನು ಪರೀಕ್ಷಿಸಲು ಹೇಳಿ.

ಹೋಗುವಾಗ ಇಂಪ್ಲಾಂಟ್ ಕಾರ್ಡ್ ಜೊತೆಗಿರಲಿ. ಕಂಪನಿಯ ಹೆಸರು, ಮಾದರಿ, ದಪ್ಪ, ಉದ್ದ, ಲಾಟ್ ಸಂಖ್ಯೆ, ಹಾಕಿದ ದಿನಾಂಕ, ಅಬಟ್‌ಮೆಂಟಿನ ವಿವರ ಅದರಲ್ಲಿರಬೇಕು. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದರ ಸ್ಕ್ರೂಡ್ರೈವರ್ ಹೆಚ್ಚಾಗಿ ಹೊಂದುವುದಿಲ್ಲ. ಊರು ಬಿಟ್ಟು ಬೇರೆಲ್ಲೋ ಇರುವಾಗ ಕಾರ್ಡ್ ಇಲ್ಲದೆ ಹೋದರೆ, ಎಷ್ಟೇ ನುರಿತ ವೈದ್ಯರಾದರೂ ಎಕ್ಸ್‌ರೇ ನೋಡಿ ಅದು ಯಾವ ಇಂಪ್ಲಾಂಟ್ ಎಂದು ಊಹಿಸುತ್ತ ಕೂರಬೇಕಾಗುತ್ತದೆ. ಕಾರ್ಡ್ ಕೊಟ್ಟಿಲ್ಲದಿದ್ದರೆ ಇಂದೇ ಕೇಳಿ ಪಡೆಯಿರಿ, ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.